ಅಂಗೈಗೆ ಸಿಗದ ಸದ್ದು

ನನ್ನ ಅಪ್ಪನಿಗೆ,

ನಿನ್ನ ಮಗಳು ರೇಣುಕಾ ಬರೆಯುತ್ತಿದ್ದಾಳೆ. ನೀನಿದ್ದಾಗ ನಾನು ನಿನಗೆ ಒಂದು ಕಾಗದವನ್ನೂ ಬರೆದವಳಲ್ಲ. ಒಂದೇ ಖೋಲಿಯಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಮಲಗುವವರು ಕಾಗದ ಬರೆದುಕೊಂಡಿದ್ದರೆ ಅವ್ವ ಇಬ್ಬರಿಗೂ ಬೈಯುತ್ತಿದ್ದಳು. ಈಗ ಬರೆಯುತ್ತಿರುವುದು ಒಂದು ವಿಷಯ ಕೇಳುವುದಕ್ಕೆ, ಆಮೇಲೆ ಸ್ವಲ್ಪ ಜಗಳ ಆಡುವುದಕ್ಕೆ. ಸಂಜೆ ನಾನು ಬೇಸ್ ಗಿಟಾರ್ ಬಾರಿಸುವಾಗ ನೀನು ಸ್ಪೀಕರ್ ಡಬ್ಬದ ಪಕ್ಕ ಕೂತು, ಅದರ ಮೇಲೆ ಅಂಗೈ ಊರಿಕೊಂಡು, ಮುಗಿದ ಮೇಲೆ 'ಛಲೋ ಬಾರಿಸಿದಿ' ಅನ್ನುತ್ತಿದ್ದೆಯಲ್ಲ, ನಿನಗೆ ಏನು ಕೇಳುತ್ತಿತ್ತು? ನಿಜ ಹೇಳು. ನನ್ನ ಮುಖ ನೋಡಿ ಮಾತು ಬದಲಿಸುವ ಕಷ್ಟ ಈಗ ನಿನಗಿಲ್ಲ.

ಆ ಡಬ್ಬ ಮನೆಗೆ ಬಂದ ಸಂಜೆ ನಿನಗೆ ನೆನಪಿರಬೇಕು. ನಮ್ಮ ಆರ್ಕೆಸ್ಟ್ರಾದ ಮಾಸ್ತರ್ ತಮ್ಮ ಗೋಡೌನಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ನನಗೆ ಕೊಟ್ಟಿದ್ದರು. ಅವರು ಉಡುಪಿ ಕಡೆಯವರು, ತಾವೇ ಕೀಬೋರ್ಡ್ ನುಡಿಸುತ್ತಾ ಮದುವೆ, ಗಣಪತಿ, ನವರಾತ್ರಿ ಎಂದು ತಂಡ ಕಟ್ಟಿಕೊಂಡು ಮುಂಬಯಿಯೆಲ್ಲ ಓಡಾಡುವವರು. ಅವರ ಬೇಸ್ ಗಿಟಾರಿನವನು ದುಬೈಗೆ ಹೋದ ಮೇಲೆ ಆ ಜಾಗ 'ಸದ್ಯಕ್ಕೆ' ನನ್ನದಾಗಿತ್ತು. ರಿಕ್ಷಾದಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದು, ಖೋಲಿಯ ಮೂಲೆಗೆ ತಳ್ಳಿ, ವೈರ್ ಜೋಡಿಸಿ ಮೂರನೇ ತಂತಿ ಮೀಟಿದೆ. ಪಾತ್ರೆ ಸ್ಟ್ಯಾಂಡಿನ ಲೋಟಗಳೆಲ್ಲ ಮಾತಾಡಿದವು. ಪಕ್ಕದ ಖೋಲಿಯ ಮಾವಶಿ ಬಾಗಿಲಿಗೆ ಬಂದು, 'ಅಗ ರೇಣು, ಮಾಝಿ ಭಾಂಡಿ ನಾಚ್ತಾತ್' ಎಂದಳು. ತನ್ನ ಪಾತ್ರೆಗಳು ಕುಣಿಯುತ್ತಿವೆಯಂತೆ. ಅಷ್ಟು ಹೊತ್ತು ಅವ್ವ ಊಟಕ್ಕೆ ಕೂಗುತ್ತಿದ್ದರೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ ನೀನು ಗಕ್ಕನೆ ಹಿಂದಕ್ಕೆ ತಿರುಗಿದೆ. 'ಬಂತು ನೋಡ, ಎದಿಗೆ ಬಂತು' ಎಂದೆ. ಎದ್ದು ಬಂದು ಡಬ್ಬದ ಮೇಲೆ ಕೈ ಇಟ್ಟೆ. ಅವತ್ತಿನಿಂದ ಆ ಜಾಗ ನಿನ್ನದಾಯಿತು.

ನಿನ್ನ ಕಿವಿಯ ವಿಷಯ ಮನೆಯಲ್ಲಿ ನಾವು ಯಾವತ್ತೂ ಸರಿಯಾಗಿ ಮಾತಾಡಲಿಲ್ಲ. ಹರೆಯದಿಂದ ಸೆಂಟ್ರಿಂಗ್ ಕೆಲಸ; ಕಬ್ಬಿಣದ ಪ್ಲೇಟಿನ ಮೇಲೆ ಸುತ್ತಿಗೆ ಬೀಳುವ ಸದ್ದಿನಲ್ಲೇ ನಿನ್ನ ಆಯುಷ್ಯ ಹೋಯಿತು. ಟಿವಿ ಜೋರಾಗುತ್ತಾ ಹೋಯಿತು, ಫೋನು ಅವ್ವನ ಕೈಗೆ ಹೋಯಿತು. ಕಿವಿಯ ಮಷೀನು ತರೋಣವೇ ಎಂದರೆ, 'ಸ್ವಲ್ಪ ಕಡಿಮಿ ಕೇಳಸ್ತೈತಿ ಅಷ್ಟ. ಮುಂಬೈದಾಗ ಅದೂ ಛಲೋನ' ಎಂದು ನಗುತ್ತಿದ್ದೆ. ನಾವೂ ನಕ್ಕುಬಿಡುತ್ತಿದ್ದೆವು. ನಿನ್ನ ಸ್ವಲ್ಪ ಎಂದರೆ ಎಷ್ಟು ಎಂದು ಯಾರಾದರೂ ಕೇಳಿದೆವೇ?

ಪವಾಯಿಯಲ್ಲಿ ಒಮ್ಮೆ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದಾಗ ಕೆರೆಯ ಆಚೆಯ ಎತ್ತರದ ಬಿಲ್ಡಿಂಗುಗಳನ್ನು ತೋರಿಸಿ, 'ಆ ಕಡೆದು ನಮ್ಮದು, ಅದರ ಬಾಜೂದ್ದೂ ನಮ್ಮದು' ಎನ್ನುತ್ತಾ ಬಂದೆ. ಅದರಲ್ಲಿ ನೀನು ಮಾಡಿದ್ದು ಯಾವುದು ಎಂದು ನಾನು ಕೇಳಿದೆ. 'ನಾ ಮಾಡಿದ್ದು ಈಗೆಲ್ಲಿ ಕಾಣಬೇಕ? ಸ್ಲ್ಯಾಬ್ ಗಟ್ಟಿ ಆದ ಮ್ಯಾಲ ಎಲ್ಲಾ ಬಿಚ್ಚಿ ಒಯ್ದಿವಿ' ಎಂದೆ. ಹಲಗೆ ಜೋಡಿಸಿ, ಆನಿಕೆ ಕೊಟ್ಟು, ಕಾಂಕ್ರೀಟು ತನ್ನ ಕಾಲ ಮೇಲೆ ನಿಲ್ಲುವ ತನಕ ಹೊತ್ತು ನಿಂತು, ಆಮೇಲೆ ಎಲ್ಲವನ್ನೂ ಕಳಚಿಕೊಂಡು ಮುಂದಿನ ಸೈಟಿಗೆ ಹೋಗುವುದೇ ನಿನ್ನ ಕಸುಬು ಎಂದು ನನಗೆ ಅವತ್ತು ಸರಿಯಾಗಿ ಅರ್ಥವಾಯಿತು. ನಿನಗೆ ಅದರ ಬಗ್ಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. ನೀನು ಶೇಂಗಾ ಬಿಡಿಸುತ್ತಾ ಕೂತಿದ್ದೆ.

ನೀನು ಮೊದಮೊದಲು ಒಂದೇ ಪ್ರಶ್ನೆ ಕೇಳಿ ನನ್ನ ತಲೆ ತಿನ್ನುತ್ತಿದ್ದೆ. 'ಬರೇ ಗುಂ ಗುಂ ಅನಸ್ತಿ. ಹಾಡು ಯಾವಾಗ ಬಾರಸ್ತಿ?' ಬೇಸ್ ಗಿಟಾರಿನಲ್ಲಿ ಹಾಡು ಬಾರಿಸುವುದಿಲ್ಲ, ಹಾಡುವವರು ಬೇರೆ ಇರುತ್ತಾರೆ, ನಾವು ಕೆಳಗಿನಿಂದ ಹಿಡಿದುಕೊಂಡಿರುತ್ತೇವೆ ಎಂದು ನಾನು ಕೈಸನ್ನೆ ಮಾಡಿ ಕೂಗಿ ಹೇಳಿದೆ. ನೀನು, 'ಅಂದ್ರ ಸೆಂಟ್ರಿಂಗ್' ಎಂದೆ. ಆರ್ಕೆಸ್ಟ್ರಾದಲ್ಲಿ ಇದನ್ನು ಹೇಳಿದಾಗ ಮಾಸ್ತರ್ ಕೀಬೋರ್ಡಿನ ಮೇಲೆ ಬಗ್ಗಿ ಬಗ್ಗಿ ನಕ್ಕರು.

ಅದೇ ಮಾಸ್ತರ್ ನವರಾತ್ರಿಗೆ ಮುಂಚಿನ ಒಂದು ಭಾನುವಾರ ನಗಲಿಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗಾಳಾದಲ್ಲಿ, ಅಂದರೆ ಬಾಡಿಗೆಯ ಶೆಡ್ಡಿನಲ್ಲಿ, ರಿಹರ್ಸಲ್ ನಡೆಯುತ್ತಿತ್ತು; ಡಬ್ಬವನ್ನೂ ಒಯ್ದಿದ್ದೆ. ಮೂರನೇ ತಂತಿಯ ಒಂದು ಸ್ವರ ಬಂದಾಗಲೆಲ್ಲ ನನ್ನ ಡಬ್ಬ ಗುಂಯ್ ಎಂದು ಊದಿಕೊಂಡು ಹಾಡುವವಳ ದನಿಯನ್ನೂ ತಬಲಾವನ್ನೂ ಒಟ್ಟಿಗೆ ನುಂಗುತ್ತಿತ್ತು. ಆ ಸ್ವರ ಬಿಟ್ಟರೆ ಮಿಕ್ಕದ್ದು ಪೀಚು. ಸಣ್ಣಗೆ ಇಟ್ಟರೆ ಏನೂ ಇಲ್ಲ, ಸ್ವಲ್ಪ ಏರಿಸಿದರೆ ಅದೊಂದೇ. ಮಾಸ್ತರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. 'ನಿನ್ನ ಬೆರಳು ಸರಿ ಉಂಟು ಮಾರಾಯ್ತಿ, ಡಬ್ಬ ಸರಿ ಇಲ್ಲ. ಅದನ್ನು ಏನಾದ್ರೂ ಮಾಡು. ಇಲ್ಲದಿದ್ರೆ ಈ ಸೀಸನ್‌ಗೆ ನಾನು ಬೇರೆಯವರನ್ನು ನೋಡ್ಬೇಕಾಗ್ತದೆ' ಎಂದರು. ಒರಟಾಗಿ ಹೇಳಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ವಿಲೆ ಪಾರ್ಲೆಯ ಕೊರಿಯರ್ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಲೋಕಲ್ಲಿನಲ್ಲಿ ಜಜ್ಜಿಕೊಂಡು ಬಂದು, ನಾನು ನಾನಾಗಿ ಇರುತ್ತಿದ್ದುದು ಆ ಗಿಟಾರ್ ಹೆಗಲಿಗೆ ಹಾಕಿಕೊಂಡಾಗ ಮಾತ್ರ. ಅದೂ ಹೋದರೆ…

ಮನೆಗೆ ಬಂದು ನಾನು ಚಪ್ಪಲಿ ಎಸೆದ ರೀತಿಯಲ್ಲೇ ನಿನಗೆ ಗೊತ್ತಾಗಿರಬೇಕು. 'ಏನಾತ ರೇಣವ್ವ?' ಎಂದೆ. ನಾನು ಡಬ್ಬ ತೋರಿಸಿ, ಗುಂಯ್ ಅನ್ನುವುದನ್ನು ನಿಲ್ಲಿಸದಿದ್ದರೆ ನನ್ನನ್ನು ತೆಗೆಯುತ್ತಾರೆ ಎಂದೆ. ನೀನು ಒಮ್ಮೆ ನನ್ನ ತುಟಿ ನೋಡಿದೆ, ಒಮ್ಮೆ ಡಬ್ಬ ನೋಡಿದೆ. 'ಗುಂಯ್ ಅನ್ನೂದ ಬ್ಯಾಡೇನ? ಅದ ಛಲೋ ಐತೆಲ್ಲ' ಎಂದೆ. ಬೇಡ ಎಂದು ನಾನು ಚೀರಿದೆ. ಸ್ವಲ್ಪ ಹೊತ್ತು ಬಿಟ್ಟು ನೀನು, 'ಆತ ಬಿಡ. ಮುಂದಿನ ಆಯಿತವಾರ ನೋಡೂಣು' ಎಂದೆ. ಆ ಸ್ವಲ್ಪ ಹೊತ್ತಿನಲ್ಲಿ ನೀನು ಏನು ಯೋಚಿಸಿದೆ ಅಪ್ಪ? ನಾನು ಈಗ ದಿನಾ ಅದನ್ನೇ ಯೋಚಿಸುತ್ತೇನೆ.

ಆ ಮುಂದಿನ ಭಾನುವಾರ ನಾವು ಮಾಡಿದ ಸರ್ಕಸ್ಸು ಚಾಳಿನವರೆಲ್ಲ ನೋಡಿದ್ದಾರೆ. ಮೊದಲು ನಾನು ಫೋನಿನಲ್ಲಿ ನೋಡಿದ್ದನ್ನು ಹೇಳಿದೆ: ಮೂಲೆಯಲ್ಲಿ ಇಟ್ಟರೆ ಎರಡೂ ಗೋಡೆಗೆ ಬಡಿದು ತಗ್ಗು ಸ್ವರ ದೊಡ್ಡದಾಗುತ್ತದೆ, ನೆಲಕ್ಕೆ ತಾಗಿದ್ದರೂ ಅಷ್ಟೆ. ಎಳೆದು ಖೋಲಿಯ ನಡುವಿಗೆ ತಂದು ಅವ್ವನ ಸ್ಟೂಲಿನ ಮೇಲೆ ಕೂರಿಸಿದೆವು. ಸ್ವಲ್ಪ ಇಳಿಯಿತು, ಹೋಗಲಿಲ್ಲ. ಹಿಂದಿನ ಹಲಗೆ ಬಿಚ್ಚಿದಾಗ ನೀನು ಒಳಗೆ ತಲೆ ಹಾಕಿ, 'ಯಾವ ಮಗಾ ಮಾಡ್ಯಾನ ಇದನ್ನ, ರಟ್ಟಿನಂಗ ಐತಿ' ಎಂದೆ. ಪ್ಲೈವುಡ್ಡು ನಿಜಕ್ಕೂ ತೆಳ್ಳಗಿತ್ತು. ಸ್ಪೀಕರಿನ ಜೊತೆಗೆ ಡಬ್ಬದ ಮೈಯೂ ಕುಣಿಯುತ್ತಿತ್ತು. ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿದರೆ ನಿಲ್ಲುತ್ತದೆ ಎಂದು ನಾನು ಹೇಳುವುದಕ್ಕೆ ಮೊದಲೇ ನೀನು ಸುತ್ತಿಗೆ ಹುಡುಕುತ್ತಿದ್ದೆ.

ಅಲ್ಲೇ ಆಗಿದ್ದು ಅನಾಹುತ. ನೀನು ಪಟ್ಟಿಗಳನ್ನು ಅಳೆದು, ಕೊಯ್ದು, ಚಂದವಾಗಿ ಹೊಡೆದೆ. ಹಲಗೆ ಮುಚ್ಚಿ ಬಾರಿಸಿದರೆ ಗುಂಯ್ ಜೊತೆಗೆ ಈಗ ಚರ್ರ್ ಎಂಬ ಸದ್ದೂ ಸೇರಿತ್ತು. ಮತ್ತೆ ಬಿಚ್ಚಿ ನೋಡಿದರೆ ಒಂದು ಮೊಳೆಯನ್ನೂ ನೀನು ಪೂರ್ತಿ ಹೊಡೆದಿರಲಿಲ್ಲ. ಎಲ್ಲದರ ತಲೆಯೂ ಬೆರಳು ಹಾಕುವಷ್ಟು ಮೇಲೆ ನಿಂತಿತ್ತು, ಪಟ್ಟಿಗಳು ಸಡಿಲವಾಗಿ ಅಲುಗಾಡುತ್ತಿದ್ದವು. ಸೆಂಟ್ರಿಂಗಿನವರು ಮೊಳೆಯನ್ನು ಯಾವತ್ತೂ ಕೊನೆಯ ತನಕ ಇಳಿಸುವುದಿಲ್ಲವಲ್ಲ, ನಾಳೆ ಕೀಳಬೇಕಲ್ಲ. ನಾನು ಹಣೆ ಚಚ್ಚಿಕೊಂಡೆ. ನೀನು ನಿನ್ನ ಕೈಯನ್ನೇ ನೋಡಿಕೊಂಡು ನಕ್ಕೆ. 'ಕೈ ಕೇಳಂಗಿಲ್ಲವಾ, ಏನ್ ಮಾಡ್ಲಿ? ಇದನ್ನ ಮತ್ತ ಬಿಚ್ಚೂದ ಇಲ್ಲೇನ?'

'ಇಲ್ಲ.'

'ಅಂದ್ರ ಕಾಯಂ?'

'ಕಾಯಂ ಅಪ್ಪಾ.'

ನೀನು ಸುತ್ತಿಗೆ ಎತ್ತಿಕೊಂಡು ಸ್ವಲ್ಪ ತಡೆದೆ. ಆಮೇಲೆ ಪಟ್ಟಿಗಳಿಗೆ ಫೆವಿಕಾಲ್ ಬಳಿದು, ಒಂದೊಂದೇ ಮೊಳೆಯನ್ನು ಮರದೊಳಗೆ ಮುಳುಗುವ ತನಕ ಇಳಿಸಿದೆ.

ಅವ್ವನ ಹಳೆಯ ಕೌದಿ ಒಳಗೆ ಹೋಗಿದ್ದೂ ಅವತ್ತೇ. ಒಳಗಿನ ಗೋಡೆಗಳಿಗೆ ಮೆತ್ತನೆಯದೇನಾದರೂ ಹೊದಿಸಿದರೆ ಸದ್ದು ಒಳಗೊಳಗೇ ಬಡಿದಾಡುವುದು ತಗ್ಗುತ್ತದೆ ಎಂದು ನಾನು ಹೇಳಿದಾಗ ನೀನು ಮಾಳಾದ ಮೇಲಿಂದ, ನಮ್ಮ ಆ ಪುಟ್ಟ ಅಟ್ಟದಿಂದ, ಕೌದಿ ಎಳೆದೆ. ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು, 'ಡಬ್ಬಿಗೆ ಥಂಡಿ ಹತ್ತೇತೇನ?' ಎಂದಳು. ಅವಳ ಹಳೆಯ ಸೀರೆ, ನಿನ್ನ ಹರಿದ ಧೋತರ, ನನ್ನ ಮುನ್ಸಿಪಾಲ್ಟಿ ಕನ್ನಡ ಶಾಲೆಯ ಯೂನಿಫಾರ್ಮು ಎಲ್ಲ ಸೇರಿಸಿ ಹೊಲಿದ ಕೌದಿ ಅದು. ಅವಳು ಬೈಯುತ್ತಲೇ ಕತ್ತರಿ ತಂದುಕೊಟ್ಟಳು. ಮುಂದಿನ ಹಲಗೆಯಲ್ಲಿ ಗಾಳಿ ಆಡುವುದಕ್ಕೆ ಬಿಟ್ಟಿದ್ದ ದುಂಡು ತೂತಿಗೂ ಅದೇ ಬಟ್ಟೆಯ ತುಂಡನ್ನು ಸುತ್ತಿ ಅರ್ಧ ತುರುಕಿದೆವು.

ಆಮೇಲೆ ನೀನು ಮಾಡಿದ್ದನ್ನು ನಾನು ಪೆದ್ದಿಯ ಹಾಗೆ ನೋಡುತ್ತಾ ಇದ್ದೆ. ಡಬ್ಬದ ಮೈಮೇಲೆ ಅಂಗೈ ಊರಿ, 'ಹೂಂ, ಬಾರಸ' ಎಂದೆ. ನಾನು ಮೂರನೇ ತಂತಿಯ ಆ ಸ್ವರವನ್ನೇ ಮತ್ತೆ ಮತ್ತೆ ಮೀಟಿದೆ. ನೀನು ಕಣ್ಣು ಮುಚ್ಚಿ ಕೈ ಸರಿಸುತ್ತಾ ಹೋದೆ. 'ಇಲ್ಲಿ ಇನ್ನೂ ಕುಣಿತೈತಿ' ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿದೆ. ಬಿಚ್ಚಿ, ಅಲ್ಲಿಗೊಂದು ಪಟ್ಟಿ ಹೊಡೆದು, ಮುಚ್ಚಿ, ಮತ್ತೆ ಕೈ. ಮಧ್ಯಾಹ್ನದ ಊಟ ಆರಿಹೋಯಿತು. ಕೊನೆಗೆ ಒಂದು ಸಲ ನಾನು ಬಾರಿಸಿದಾಗ ನೀನು ಬಹಳ ಹೊತ್ತು ಕೈ ಎತ್ತಲೇ ಇಲ್ಲ. ಮೇಲೆ ಇಟ್ಟೆ, ಪಕ್ಕಕ್ಕೆ ಇಟ್ಟೆ, ಹಿಂದಕ್ಕೆ ಇಟ್ಟೆ. ಆಮೇಲೆ ಕಣ್ಣು ಬಿಟ್ಟು, 'ಈಗ ಸರಿ ಆತ' ಎಂದೆ. ನಿಜಕ್ಕೂ ಸರಿಯಾಗಿತ್ತು. ಪ್ರತಿ ಸ್ವರವೂ ತನ್ನಷ್ಟಕ್ಕೆ ತಾನು ನಿಂತಿತ್ತು, ಯಾವುದೂ ಇನ್ನೊಂದನ್ನು ನುಂಗುತ್ತಿರಲಿಲ್ಲ. ನಾನು ಖುಷಿಯಲ್ಲಿ ನಿನ್ನ ತಲೆಗೆ ಮುತ್ತಿಟ್ಟೆ. ನಿನಗೆ ಸರಿಯಾಯಿತು ಎಂದು ಗೊತ್ತಾಗಿದ್ದು ಹೇಗೆ ಎಂದು ನನಗೆ ಹೊಳೆಯಲೇ ಇಲ್ಲ.

ಮುಂದಿನ ರಿಹರ್ಸಲ್ಲಿನಲ್ಲಿ ಮಾಸ್ತರ್ ಹಾಡಿನ ನಡುವೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಬೇರೆ ಯಾರನ್ನೂ ಹುಡುಕುವ ಮಾತು ಬರಲಿಲ್ಲ. ನವರಾತ್ರಿ ಕಳೆಯಿತು, ಮದುವೆಗಳು ಬಂದವು. ಮನೆಯಲ್ಲಿ ಗಾಳಿ ಬರುತ್ತಿದ್ದುದು ಕಿಟಕಿಯಿಂದ, ಹಾಗಾಗಿ ನಾನು ಆ ಕಡೆ ತಿರುಗಿ ಬಾರಿಸುತ್ತಿದ್ದೆ. ಬೆನ್ನ ಹಿಂದೆ ನೀನು ಎಂದಿನಂತೆ ಡಬ್ಬದ ಮೇಲೆ ಕೈ ಇಟ್ಟು ಕೂರುತ್ತಿದ್ದೆ. ನಾನು ನಿಲ್ಲಿಸಿದ ಕೂಡಲೇ, ಸರಿಯಾಗಿ ಆ ಕ್ಷಣಕ್ಕೆ, 'ಛಲೋ ಬಾರಿಸಿದಿ ರೇಣವ್ವ' ಎಂಬ ಮಾತು ಬರುತ್ತಿತ್ತು. ಒಂದು ದಿನವೂ ತಪ್ಪಲಿಲ್ಲ. ಯಾರಾದರೂ ಅನುಮಾನ ಪಡುತ್ತಾರೆಯೇ?

ನೀನು ಹೋದದ್ದು ಒಂದು ಬೆಳಿಗ್ಗೆ, ಚಹಾ ಕಪ್ಪು ಕೈಯಲ್ಲಿದ್ದಾಗಲೇ. ಎದೆ ಹಿಡಿದುಕೊಂಡು, 'ಒಂಚೂರು ಕೂಡತೀನಿ' ಎಂದೆಯಂತೆ. ನಾನು ಆಗ ಲೋಕಲ್ಲಿನಲ್ಲಿದ್ದೆ. ಅವ್ವನ ಫೋನ್ ಬಂದಾಗ ಜನರ ಗದ್ದಲದಲ್ಲಿ ಅವಳ ಮಾತು ನನಗೆ ಕೇಳಿಸಲಿಲ್ಲ. ಏನು, ಏನು ಎಂದು ಚೀರುತ್ತಲೇ ಇದ್ದೆ. ಊರಿಗೆ ಒಯ್ಯಬೇಕು ಎಂದು ಕಾಕಾ ಹೇಳಿದರು, ಅವ್ವ ಬೇಡವೆಂದಳು. ನಿನ್ನನ್ನು ಇಲ್ಲೇ ಮಣ್ಣು ಮಾಡಿದೆವು. ಆಮೇಲೆ ಬಹಳ ದಿನ ಗಿಟಾರ್ ಗೋಡೆಗೆ ಆತುಕೊಂಡೇ ಇತ್ತು. ಮುಟ್ಟಬೇಕು ಎನ್ನಿಸಲಿಲ್ಲ. 'ಹಾಡು ನಿಂತಿತೇ ರೇಣು?' ಎಂದು ಮಾವಶಿ ಮರಾಠಿಯಲ್ಲಿ ಕೇಳಿದಳು. ಅವಳ ಪಾತ್ರೆಗಳು ಕುಣಿಯುವುದು ಡಬ್ಬ ದುರಸ್ತಿಯಾದಾಗಲೇ ನಿಂತುಹೋಗಿತ್ತು.

ಮತ್ತೆ ಗಿಟಾರ್ ಎತ್ತಿಕೊಂಡ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವತ್ತು ಕಿಟಕಿಯ ಹತ್ತಿರ ಅವಳು ಮೆಣಸಿನಕಾಯಿ ಹರಡಿದ್ದರಿಂದ ನಾನು ಒಲೆಯ ಕಡೆ ಮುಖ ಮಾಡಿ ಕೂತಿದ್ದೆ. ಮೊದಲ ಸ್ವರ ಮೀಟಿದೆ. ಅವ್ವ ರೊಟ್ಟಿಯಿಂದ ತಲೆ ಎತ್ತಿ, ಡಬ್ಬದ ಪಕ್ಕದ ಖಾಲಿ ಜಾಗದ ಕಡೆ ನೋಡಿ, ಮೆಲ್ಲಗೆ ತಲೆ ಆಡಿಸಿದಳು. ಮತ್ತೆ ರೊಟ್ಟಿ ಬಡಿದಳು. ನಾನು ನಿಲ್ಲಿಸಿದಾಗ ಮತ್ತೆ ಅದೇ ಕಡೆ ನೋಡಿ ಇನ್ನೊಮ್ಮೆ ಆಡಿಸಿದಳು.

'ಯಾರಿಗಿ ಗೋಣ ಹಾಕಿದಿ ಅವ್ವಾ?'

'ಯಾರಿಗಿಲ್ಲ. ರೂಢಿ ಬಿದ್ದೈತಿ.'

ನಾನು ಬಿಡಲಿಲ್ಲ. ಅವಳು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ, ನನ್ನ ಮುಖ ನೋಡದೆ ಹೇಳಿದಳು: 'ನಿಮ್ಮಪ್ಪಗ ಹೇಳತಿದ್ನಿ. ನೀ ಶುರು ಮಾಡಿದಿ ಅಂತ, ಮುಗಸಿದಿ ಅಂತ. ಅಂವಗ ಹೆಂಗ ಗೊತ್ತಾಗಬೇಕು? ಕಿವಿ ಎಂದೋ ಹೋಗಿತ್ತವಾ. ಮೊದಲ ಕೈಗೆ ಗೊತ್ತಾಕ್ಕಿತ್ತು. ಡಬ್ಬಿ ದುರಸ್ತಿ ಮಾಡಿದ ಮ್ಯಾಲ ಕೈಗೂ ಗೊತ್ತಾಗಲಿಲ್ಲ.'

'ಹಂಗಾಗ್ತೈತಿ ಅಂತ ಅಪ್ಪಗ ಗೊತ್ತಿತ್ತೇನ?'

'ಗೊತ್ತಿರದ ಏನ? ಆವತ್ತ ಕೈ ತೊಳಿಯಾಕ ನೀರು ಹಾಕೋ ಮುಂದ ಅಂದ. ಇನ್ನ ನನಗ ರೇಣವ್ವನ ಬಾಜಾ ಮುಗೀತು. ಆಕಿಗಿ ಹೇಳಬ್ಯಾಡ, ಮತ್ತ ಬಿಚ್ಚಿ ಕುಂತಾಳು, ಅಂದ.'

ರೊಟ್ಟಿ ಸುಟ್ಟ ವಾಸನೆ ಬಂತು. ಇಬ್ಬರ ಕೈಯೂ ತವೆಗೆ ಹೋಗಲಿಲ್ಲ.

ಈಗ ಹೇಳು, ನನಗೆ ಸಿಟ್ಟು ಬರಬಾರದೇ? ನಿನ್ನ ಅಂಗೈಯಲ್ಲಿ ಏನೂ ಉಳಿಯದೇ ಹೋದಾಗ ನಿನಗೆ ಕೆಲಸ ಸರಿಯಾಯಿತು ಎಂದು ಗೊತ್ತಾಯಿತು. ನನ್ನ ಗಿಟಾರಿನಲ್ಲಿ ನಿನಗೆ ಸಿಗುತ್ತಿದ್ದುದು ಆ ಗುಂಯ್ ಒಂದೇ, ಅದನ್ನು ನೀನೇ ಹುಡುಕಿ ಹುಡುಕಿ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಮುಗಿಸಿದೆ. ಮೊಳೆಗಳನ್ನು ಅಷ್ಟು ಆಳಕ್ಕೆ ಇಳಿಸಿದ್ದು ನಾನು ಕೀಳದಿರಲಿ ಎಂದೇ? ಒಂದು ಮಾತು ಹೇಳಿದ್ದರೆ ಮನೆಗೊಂದು ಡಬ್ಬ, ಆರ್ಕೆಸ್ಟ್ರಾಕ್ಕೊಂದು ಡಬ್ಬ ಎಂದು ಏನಾದರೂ ಮಾಡುತ್ತಿದ್ದೆನಲ್ಲ. ಆ ಮೇಲಿನ ತಿಂಗಳುಗಳಲ್ಲೆಲ್ಲ ಸತ್ತ ಹಲಗೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆಯಲ್ಲ ಅಪ್ಪ, ನನ್ನ ಬೆನ್ನು ನೋಡುತ್ತಾ…

ಅವ್ವ ಸಂತೆಗೆ ಹೋಗಿದ್ದಾಗ ಒಂದು ದಿನ ನಾನು ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಬಟ್ಟೆ ಬಿಗಿದುಕೊಂಡು, ಎಡಗೈ ಬೆರಳಿನಿಂದಲೇ ತಂತಿ ತಟ್ಟಿ ಬಲಗೈಯನ್ನು ಡಬ್ಬದ ಮೇಲೆ ನೀನು ಇಡುತ್ತಿದ್ದ ಕಡೆ ಇಟ್ಟೆ. ಏನೂ ಬರಲಿಲ್ಲ. ಸ್ಕ್ರೂಡ್ರೈವರ್ ತಂದು ಹಿಂದಿನ ಹಲಗೆಯ ಸ್ಕ್ರೂ ಬಿಚ್ಚುತ್ತಾ ಕೂತಿದ್ದೆ, ಅಷ್ಟರಲ್ಲಿ ಅವ್ವ ಬಂದಳು. ತರಕಾರಿ ಚೀಲ ಕೆಳಗಿಟ್ಟು ನನ್ನ ಕೈ ಹಿಡಿದಳು. 'ಬ್ಯಾಡ. ಅಂವಾ ಜೀವನದಾಗ ಬಿಚ್ಚಲಾರದಂಗ ಮಾಡಿದ್ದು ಇದೊಂದ. ಇರಲಿ ಬಿಡ' ಎಂದಳು. ಹತ್ತಿ ಇನ್ನೂ ಕಿವಿಯಲ್ಲೇ ಇತ್ತು, ಅವಳ ತುಟಿ ನೋಡಿ ನನಗೆ ಅರ್ಥವಾಯಿತು. ನಾನು ಸ್ಕ್ರೂ ಮತ್ತೆ ಬಿಗಿದೆ.

ನಿನಗೆ ತಲುಪದ ಸುದ್ದಿ ಇಷ್ಟು. 'ಸದ್ಯಕ್ಕೆ' ಎನ್ನುವುದನ್ನು ಮಾಸ್ತರ್ ಈಗ ಬಿಟ್ಟಿದ್ದಾರೆ; ತಂಡದ ಬೇಸ್ ನಾನೇ. ಪಾರ್ಲೆಯ ಸಭಾಂಗಣದಲ್ಲಿ ನಮ್ಮದೊಂದು ಕಾರ್ಯಕ್ರಮ ಆಯಿತು, ಅವ್ವ ಮೊದಲ ಸಾಲಿನಲ್ಲಿ ಕೂತು ಪೂರ್ತಿ ನೋಡಿದಳು, ಲೈಟಿನಿಂದ ಕಣ್ಣು ನೋವು ಎಂದು ದೂರಿದಳು. ಅಲ್ಲಿನ ಸೌಂಡಿನವನು ಡಬ್ಬವನ್ನು ಬಗ್ಗಿ ನೋಡಿ ಯಾರು ಮಾಡಿದ್ದು ಎಂದು ಹಿಂದಿಯಲ್ಲಿ ಕೇಳಿದ. ನಮ್ಮಪ್ಪ ಎಂದೆ. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಇನ್ನೊಂದು ಸುದ್ದಿ ನಿನ್ನೆಯದು. ಸಂಜೆ ನಾನು ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವ್ವ ಹಿಟ್ಟು ನಾದುತ್ತಾ ಬಾಗಿಲಲ್ಲಿ ನಿಂತಿದ್ದ ಮಾವಶಿಯ ಜೊತೆ ಮಾತಿಗೆ ಬಿದ್ದಿದ್ದಳು. ನಾನು ತಂತಿಯ ಮೇಲೆ ಬೆರಳಿಟ್ಟು ಕಾದೆ. ಮಾವಶಿ ಹೋದಳು. ಅವ್ವ ನನ್ನ ಕಡೆ ನೋಡಿ, 'ಯಾಕವಾ, ಕೈ ನೋವೇನ? ಬಾರಸ' ಎಂದಳು.

'ಅಪ್ಪಗ ಹೇಳು' ಎಂದೆ.

ಅವಳು ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು, ನಿನ್ನ ಜಾಗದ ಕಡೆ ತಿರುಗಿ, ತಲೆ ಆಡಿಸಿದಳು. ನಾನು ಶುರು ಮಾಡಿದೆ.

ನಿನ್ನ
ರೇಣವ್ವ